ಕೆಳಗಿನ ಗೆರೆ

ಅಣ್ಣನ ಹರ್ನಿಯಾ ಆಪರೇಷನ್ ಒಂದು ಗಂಟೆಯಲ್ಲಿ ಮುಗಿಯಬೇಕಿತ್ತು. ಅರ್ಧ ಗಂಟೆ ಆಗುವಷ್ಟರಲ್ಲಿ ಥಿಯೇಟರ್ ಬಾಗಿಲು ತೆರೆದು ಒಬ್ಬ ನರ್ಸ್ ಓಡಿದರು. ಅವರ ಹಿಂದೆಯೇ ಇನ್ನೊಬ್ಬರು. ಹೊರಗೆ ಕೂತಿದ್ದ ನಮಗೆ ಯಾರೂ ಏನೂ ಹೇಳಲಿಲ್ಲ. ಹೇಳುವಷ್ಟು ಬಿಡುವು ಅವರಿಗೆ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಒಳಗೆ ಆಗಿದ್ದು ಇಷ್ಟು. ಅರಿವಳಿಕೆ ಗ್ಯಾಸ್ ಶುರು ಮಾಡಿ ಇಪ್ಪತ್ತು ನಿಮಿಷಕ್ಕೆ ಅಣ್ಣ ಹೊರಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಏರತೊಡಗಿತು. 38 ಇದ್ದದ್ದು 50 ಆಯಿತು, 60 ಆಯಿತು, 80 ದಾಟಿತು. ವೆಂಟಿಲೇಟರ್ ಎಷ್ಟು ಜೋರು ಮಾಡಿದರೂ ಇಳಿಯಲಿಲ್ಲ. ದವಡೆ ಬಿಗಿದುಕೊಂಡಿತು. ಎದೆಬಡಿತ ಓಡತೊಡಗಿತು. ಮೈ ಸುಡಲು ಶುರುವಾಗಿದ್ದು ಅದಾದ ಮೇಲೆ. ಅರಿವಳಿಕೆ ಡಾಕ್ಟರ್ ಗ್ಯಾಸ್ ನಿಲ್ಲಿಸಿ ಡ್ಯಾಂಟ್ರೋಲೀನ್ ಅನ್ನುವ ಔಷಧಿ ತರಿಸಿದರು. ಅದು ಪುಡಿ. ಒಂದು ಸೀಸೆಯಲ್ಲಿ ಇರುವುದು 20 ಮಿಲಿಗ್ರಾಂ ಮಾತ್ರ. ಒಂದೊಂದಕ್ಕೂ 60 ಮಿಲಿಲೀಟರ್ ನೀರು ಹಾಕಿ, ಚೆನ್ನಾಗಿ ಕುಲುಕಿ ಕರಗಿಸಬೇಕು. ಕಿಲೋ ತೂಕಕ್ಕೆ 2.5 ಮಿಲಿಗ್ರಾಂ ಲೆಕ್ಕ. ಅಣ್ಣ 72 ಕಿಲೋ. ಮೊದಲ ಡೋಸಿಗೇ ಒಂಬತ್ತು ಸೀಸೆ ಬೇಕು. ನರ್ಸ್‌ಗಳು ಓಡಿದ್ದು ಸೀಸೆ ಕುಲುಕಲು ಇನ್ನಷ್ಟು ಕೈಗಳನ್ನು ಕರೆತರಲು.

ಅಣ್ಣ ಉಳಿದ. ಎರಡು ದಿನ ಐಸಿಯುನಲ್ಲಿದ್ದ. ಮೂತ್ರ ಕಡುಕಂದು ಬಣ್ಣ ಬರುತ್ತಿತ್ತು, ಒಡೆದ ಸ್ನಾಯುವಿನ ಬಣ್ಣ ಅದು. ಮೂರನೆಯ ದಿನ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದರು. "ನಿಮ್ಮ ಅಣ್ಣನಿಗೆ ಆಗಿದ್ದಕ್ಕೆ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಅಂತ ಹೆಸರು. ಇದು ವಂಶದಲ್ಲಿ ಬರೋದು. ನಿಮಗೂ ಇರುವ ಸಾಧ್ಯತೆ ಅರ್ಧಕ್ಕರ್ಧ. ನೀವು ಯಾವತ್ತಾದರೂ ಆಪರೇಷನ್ ಮಾಡಿಸಿಕೊಳ್ಳೋ ಮುಂಚೆ ಇದು ಇತ್ಯರ್ಥ ಆಗಬೇಕು."

ಅಣ್ಣನ ರಕ್ತದಲ್ಲಿ ಆರ್‌ವೈಆರ್1 ಅನ್ನುವ ಜೀನ್ ನೋಡಿದರು. ಒಂದು ಕಡೆ ಬದಲಾವಣೆ ಸಿಕ್ಕಿತು. ಆದರೆ ಆ ಬದಲಾವಣೆ ಕಾಯಿಲೆ ತರುತ್ತದೆ ಅಂತ ಸಾಬೀತಾದವುಗಳ ಪಟ್ಟಿಯಲ್ಲಿ ಇರಲಿಲ್ಲ. ಆದ್ದರಿಂದ ನನ್ನ ರಕ್ತ ನೋಡಿ ಹೌದು ಅಥವಾ ಇಲ್ಲ ಅನ್ನಲು ಆಗುವುದಿಲ್ಲ ಅಂದರು. ಉಳಿದದ್ದು ಒಂದೇ ದಾರಿ. ತೊಡೆಯಿಂದ ಸ್ವಲ್ಪ ಸ್ನಾಯು ತೆಗೆದು, ಅದು ಇನ್ನೂ ಜೀವಂತ ಇರುವಾಗಲೇ ಕೆಫೀನ್ ಮತ್ತು ಹ್ಯಾಲೋಥೇನ್ ಅನ್ನುವ ಅರಿವಳಿಕೆ ಕೊಟ್ಟು ನೋಡುವುದು. ಎರಡು ತಿಂಗಳ ನಂತರದ ದಿನ ಸಿಕ್ಕಿತು.

ಆ ಎರಡು ತಿಂಗಳು ಸಿಕ್ಕಿದ್ದನ್ನೆಲ್ಲ ಓದಿದೆ. ಶಾಲೆಯಲ್ಲಿ ಕಲಿತದ್ದು ಒಂದೇ ಸಾಲು: ನರ ಹೇಳುತ್ತದೆ, ಸ್ನಾಯು ಮುದುಡುತ್ತದೆ. ಆ ಸಾಲಿನ ನಡುವಿನ ಅಲ್ಪವಿರಾಮದಲ್ಲೇ ನಮ್ಮ ಮನೆಯ ಕಾಯಿಲೆ ಕೂತಿತ್ತು.

ಸ್ನಾಯುಕೋಶ ಅಂದರೆ ಉದ್ದನೆಯ ಎಳೆ. ದಪ್ಪ ಹೆಚ್ಚುಕಡಿಮೆ ತಲೆಕೂದಲಷ್ಟು. ನರದ ತುದಿಯಿಂದ ಅಸಿಟೈಲ್‌ಕೋಲೀನ್ ಅನ್ನುವ ರಾಸಾಯನಿಕ ಬಂದು ತಾಗಿದಾಗ ಎಳೆಯ ಹೊರಪೊರೆಯ ಮೇಲೆ ವಿದ್ಯುತ್ತಿನ ಅಲೆಯೊಂದು ಓಡುತ್ತದೆ. ಆದರೆ ಎಳೆದು ಮುದುಡಿಸುವ ತಂತುಗಳು ಇರುವುದು ಒಳಗೆ, ಕೋಶದ ನಡುಮಧ್ಯದವರೆಗೂ. ಮೇಲ್ಮೈಯಿಂದ ಯಾವುದೋ ರಾಸಾಯನಿಕ ನಿಧಾನವಾಗಿ ಒಳಗೆ ಹರಡಿ ಅವುಗಳಿಗೆ ಸುದ್ದಿ ಮುಟ್ಟಿಸುವುದಾದರೆ ಬಹಳ ತಡವಾಗುತ್ತದೆ. ಬ್ರಿಟಿಷ್ ಶರೀರವಿಜ್ಞಾನಿ ಎ. ವಿ. ಹಿಲ್ 1940ರ ದಶಕದ ಕೊನೆಯಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಉತ್ತರ ಸಿಕ್ಕಿದ್ದು 1958ರಲ್ಲಿ. ಆಂಡ್ರ್ಯೂ ಹಕ್ಸ್ಲಿ ಮತ್ತು ರಾಬರ್ಟ್ ಟೇಲರ್ ಕಪ್ಪೆಯ ಸ್ನಾಯುವಿನ ಎಳೆಯ ಮೇಲೆ ಸೂಜಿಯಂಥ ಗಾಜಿನ ಕೊಳವೆ ಇಟ್ಟು ಒಂದೊಂದೇ ಜಾಗಕ್ಕೆ ಸಣ್ಣದಾಗಿ ವಿದ್ಯುತ್ ಕೊಟ್ಟು ನೋಡಿದರು. ಎಲ್ಲ ಕಡೆಯೂ ಮುದುಡಲಿಲ್ಲ. ಕೆಲವೇ ಚುಕ್ಕಿಗಳಲ್ಲಿ ಕೊಟ್ಟಾಗ ಮಾತ್ರ ಆ ಜಾಗದ ಒಳಭಾಗ ಮುದುಡಿತು. ಆ ಚುಕ್ಕಿಗಳಲ್ಲಿ ಹೊರಪೊರೆಯೇ ಕೊಳವೆಯಾಗಿ ಒಳಕ್ಕೆ ಇಳಿದಿರುತ್ತದೆ. ಟಿ-ಕೊಳವೆ ಅನ್ನುತ್ತಾರೆ. ಅಲೆ ಆ ಕೊಳವೆಗಳಲ್ಲಿ ಇಳಿದು ಕೋಶದ ಹೊಟ್ಟೆಯವರೆಗೂ ಹೋಗುತ್ತದೆ.

ಟಿ-ಕೊಳವೆಗೆ ಒತ್ತಿಕೊಂಡೇ ಒಂದು ಚೀಲ ಇದೆ. ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಮ್ ಅಂತ ಉದ್ದನೆಯ ಹೆಸರು. ಕ್ಯಾಲ್ಸಿಯಂ ಕೂಡಿಟ್ಟಿರುವುದು ಇದರಲ್ಲಿ. ಸ್ನಾಯು ಸುಮ್ನೆ ಇರುವಾಗ ಕೋಶದ ದ್ರವದಲ್ಲಿ ಕ್ಯಾಲ್ಸಿಯಂ ಇರುವುದು ತೀರಾ ಕಡಿಮೆ. ಚೀಲದೊಳಗೆ ಅದರ ಸಾವಿರಾರು ಪಟ್ಟು ಜಾಸ್ತಿ. ಆ ಚೀಲದ ಗೋಡೆಯಲ್ಲಿ, ಟಿ-ಕೊಳವೆಗೆ ಮುಖ ಮಾಡಿ, ಸಾಲುಸಾಲಾಗಿ ಬಾಗಿಲುಗಳಿವೆ. ರಯನೊಡೀನ್ ರಿಸೆಪ್ಟರ್ ಅನ್ನುವುದು ಈ ಬಾಗಿಲಿಗೆ. ಅಣ್ಣನ ರಕ್ತದಲ್ಲಿ ನೋಡಿದ ಆ ಜೀನ್ ಇದನ್ನೇ ಕಟ್ಟುವ ಜೀನ್.

ಹೆಸರು ಬಂದದ್ದು ಒಂದು ಗಿಡದಿಂದ. ರಯಾನಿಯಾ ಅನ್ನುವ ಗಿಡದ ರಸ ಹುಳ ಕೊಲ್ಲುತ್ತಿತ್ತು. ಅದರಲ್ಲಿನ ವಿಷ ಈ ಬಾಗಿಲಿಗೇ ಹೋಗಿ ಕೂರುತ್ತದೆ. ಸ್ವಲ್ಪ ಹಾಕಿದರೆ ಬಾಗಿಲು ಅರೆತೆರೆದು ಹಾಗೆಯೇ ನಿಲ್ಲುತ್ತದೆ, ಜಾಸ್ತಿ ಹಾಕಿದರೆ ಮುಚ್ಚಿಕೊಳ್ಳುತ್ತದೆ. ಆ ವಿಷವನ್ನೇ ಗಾಳದಂತೆ ಹಿಡಿದು 1980ರ ದಶಕದಲ್ಲಿ ಈ ಪ್ರೋಟೀನನ್ನು ಹೊರತೆಗೆದರು. ನೋಡಿದರೆ ದೈತ್ಯ. ಒಂದೇ ಥರದ ನಾಲ್ಕು ತುಂಡುಗಳು ಸೇರಿ ಒಂದು ಬಾಗಿಲು. ಒಂದೊಂದು ತುಂಡಿನಲ್ಲೂ 5,000ಕ್ಕೂ ಜಾಸ್ತಿ ಅಮೈನೋ ಆಮ್ಲ. ಗೊತ್ತಿರುವ ಅಯಾನ್ ಚಾನೆಲ್‌ಗಳಲ್ಲಿ ಇದಕ್ಕಿಂತ ದೊಡ್ಡವು ಇಲ್ಲ. ಹೆಸರು ಗೊತ್ತಾಗುವ ಮುಂಚೆಯೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವುಗಳನ್ನು ಕಂಡವರು, ಚೀಲದಿಂದ ಕೊಳವೆಯ ಕಡೆಗೆ ಚಾಚಿದ ಪಾದಗಳ ಹಾಗಿವೆ ಅಂತ 'ಪಾದ' ಅಂತಲೇ ಕರೆದಿದ್ದರು.

ಈಗ ನನ್ನನ್ನು ರಾತ್ರಿ ಎದ್ದು ಕೂರಿಸಿದ ವಿಷಯಕ್ಕೆ ಬರುತ್ತೇನೆ. ಈ ಬಾಗಿಲನ್ನು ತೆರೆಯುವುದು ಯಾರು? ಹೃದಯದಲ್ಲಿ ಆದರೆ ಹೊರಗಿನಿಂದ ಸ್ವಲ್ಪ ಕ್ಯಾಲ್ಸಿಯಂ ಒಳಗೆ ಬರಬೇಕು, ಅದು ಹೋಗಿ ತಾಗಿದಾಗ ಚೀಲದ ಬಾಗಿಲು ತೆರೆಯುತ್ತದೆ. ಕೈಕಾಲಿನ ಸ್ನಾಯುವಿನಲ್ಲಿ ಹಾಗಲ್ಲ. 1972ರಲ್ಲಿ ಒಂದು ಪ್ರಯೋಗ ನಡೆಯಿತು. ಕಪ್ಪೆಯ ಸ್ನಾಯುವನ್ನು ಕ್ಯಾಲ್ಸಿಯಂ ಇಲ್ಲದ ದ್ರವದಲ್ಲಿ ಇಟ್ಟರು. ಉಳಿದಿದ್ದ ಚೂರುಪಾರು ಕ್ಯಾಲ್ಸಿಯಮ್ಮನ್ನೂ ಹಿಡಿದುಕೊಳ್ಳುವ ಇಜಿಟಿಎ ಅನ್ನುವ ರಾಸಾಯನಿಕ ಹಾಕಿದರು. ಆದರೂ ವಿದ್ಯುತ್ ಕೊಟ್ಟಾಗಲೆಲ್ಲ ಸ್ನಾಯು ಮಿಡಿಯುತ್ತಲೇ ಇತ್ತು. ಹೊರಗಿನಿಂದ ಏನೂ ಬರುವ ಅಗತ್ಯವೇ ಇಲ್ಲ!

ಹಾಗಾದರೆ ಹೇಗೆ? ಟಿ-ಕೊಳವೆಯ ಗೋಡೆಯಲ್ಲಿ ಇನ್ನೊಂದು ಪ್ರೋಟೀನ್ ಇದೆ. ಡೈಹೈಡ್ರೋಪಿರಿಡೀನ್ ರಿಸೆಪ್ಟರ್. ಬಾಗಿಲಿನ ನೆತ್ತಿಯ ಮೇಲೆ ಇಂಥವು ನಾಲ್ಕು ನಾಲ್ಕು ಗುಂಪಾಗಿ ಕೂತಿರುತ್ತವೆ. ಇದರ ಒಳಗಿನ ಕೆಲವು ಭಾಗಗಳಿಗೆ ವಿದ್ಯುದಂಶ ಇದೆ. ಅಲೆ ಬಂದು ವೋಲ್ಟೇಜ್ ಬದಲಾದ ತಕ್ಷಣ ಆ ಭಾಗಗಳು ಜಾಗ ಬಿಟ್ಟು ಸರಿಯುತ್ತವೆ. ಆ ಸರಿದಾಟವೇ ಕೆಳಗಿನ ಬಾಗಿಲನ್ನು ಎಳೆದು ತೆರೆಯುತ್ತದೆ. ನಡುವಿನ ಅಂತರ ಸುಮಾರು 12 ನ್ಯಾನೋಮೀಟರ್. ಅಗುಳಿ ಒಂದು ಗೋಡೆಯಲ್ಲಿ, ಬಾಗಿಲು ಎದುರು ಗೋಡೆಯಲ್ಲಿ, ನಡುವೆ ಕೊಂಡಿ. ನಾನು ಎದ್ದು ನಿಂತಾಗಲೆಲ್ಲ ಇಂಥ ಲೆಕ್ಕವಿಲ್ಲದಷ್ಟು ಅಗುಳಿಗಳು ಒಟ್ಟಿಗೆ ಸರಿಯುತ್ತಿವೆ ಅನ್ನುವುದು ತಲೆಯಲ್ಲಿ ಕೂತ ಮೇಲೆ ಕೆಲವು ದಿನ ಸುಮ್ಮನೆ ಮುಷ್ಟಿ ಬಿಗಿದು ಬಿಚ್ಚಿ ನೋಡಿಕೊಳ್ಳುತ್ತಿದ್ದೆ.

ಬಾಗಿಲು ತೆರೆದ ಮೇಲಿನದು ಬೇಗ ಮುಗಿಯುತ್ತದೆ. ಕ್ಯಾಲ್ಸಿಯಂ ನುಗ್ಗಿ ಬಂದು ಟ್ರೋಪೋನಿನ್ ಅನ್ನುವ ಪ್ರೋಟೀನಿಗೆ ಅಂಟುತ್ತದೆ. ಆಕ್ಟಿನ್ ತಂತುವಿನ ಮೇಲೆ ಅಡ್ಡ ಮಲಗಿದ್ದ ಟ್ರೋಪೋಮಯೋಸಿನ್ ಪಕ್ಕಕ್ಕೆ ಸರಿಯುತ್ತದೆ. ಮಯೋಸಿನ್ ಅನ್ನುವ ಇನ್ನೊಂದು ತಂತು ಆಕ್ಟಿನ್ನನ್ನು ಹಿಡಿದು ಎಳೆಯುತ್ತದೆ. ಇಷ್ಟೆಲ್ಲ ಆಗುವುದು ಸೆಕೆಂಡಿನ ನೂರರಲ್ಲಿ ಕೆಲವು ಪಾಲಿನೊಳಗೆ.

ಸಡಿಲಾಗುವುದಕ್ಕೂ ಖರ್ಚಿದೆ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಚೆಲ್ಲಿದ ಕ್ಯಾಲ್ಸಿಯಮ್ಮನ್ನು ಮತ್ತೆ ಚೀಲಕ್ಕೆ ತುಂಬಲು ಪಂಪುಗಳಿವೆ. ಎರಡು ಕ್ಯಾಲ್ಸಿಯಂ ಒಳಗೆ ಹಾಕಲು ಕೋಶದ ಇಂಧನವಾದ ಎಟಿಪಿ ಒಂದು ಸುಡಬೇಕು. ಬಾಗಿಲು ಮುಚ್ಚಿದ್ದರೆ ಪಂಪಿನ ಕೆಲಸ ಬೇಗ ಮುಗಿಯುತ್ತದೆ. ಬಾಗಿಲು ಸೋರುತ್ತಿದ್ದರೆ? ಪಂಪು ಎತ್ತಿ ಹಾಕುತ್ತಲೇ ಇರಬೇಕು, ಮಯೋಸಿನ್ ಎಳೆಯುತ್ತಲೇ ಇರುತ್ತದೆ. ಎರಡಕ್ಕೂ ಎಟಿಪಿ ಬೇಕು. ಅದನ್ನು ತಯಾರಿಸಲು ಸ್ನಾಯು ಸಿಕ್ಕಿದ್ದನ್ನೆಲ್ಲ ಉರಿಸುತ್ತದೆ. ಉರಿಸಿದಾಗ ಬರುವುದು ಶಾಖ ಮತ್ತು ಕಾರ್ಬನ್ ಡೈಆಕ್ಸೈಡ್. ಮೈತೂಕದ ಸುಮಾರು 40 ಶೇಕಡಾ ಇಂಥ ಸ್ನಾಯುವೇ. ಅಷ್ಟೂ ಒಟ್ಟಿಗೆ ಹೊತ್ತಿಕೊಂಡರೆ ಏನಾಗುತ್ತದೆ ಅನ್ನುವುದೇ ಅಣ್ಣನ ಮಾನಿಟರ್‌ನಲ್ಲಿ ಏರುತ್ತಿದ್ದ ಆ ಅಂಕಿ. ಓದುತ್ತಾ ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟು ಅಣ್ಣನಿಗೆ ಫೋನ್ ಮಾಡಿದೆ. ಜ್ವರಕ್ಕಿಂತ ಮುಂಚೆ ಉಸಿರಿನಲ್ಲಿ ಏಕೆ ಕಂಡಿತು ಅಂತ ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವನ ಬಾಗಿಲು ದಿನಾ ಏಕೆ ತೊಂದರೆ ಕೊಡುವುದಿಲ್ಲ ಅನ್ನುವ ಪ್ರಶ್ನೆ ಅವನದೇ. ನಲವತ್ತು ವರ್ಷ ಓಡಾಡಿದ್ದಾನೆ, ಭಾರ ಎತ್ತಿದ್ದಾನೆ, ಏನೂ ಆಗಿಲ್ಲ. ಕೋಶದಲ್ಲಿನ ಮೆಗ್ನೀಸಿಯಂ ಬಾಗಿಲನ್ನು ಅದುಮಿ ಹಿಡಿದಿರುತ್ತದೆ, ಸ್ವಲ್ಪ ಸೋರಿದರೆ ಪಂಪು ಸಂಭಾಳಿಸುತ್ತದೆ. ಸೆವೊಫ್ಲುರೇನ್, ಐಸೊಫ್ಲುರೇನ್‌ನಂಥ ಉಸಿರಾಟದ ಅರಿವಳಿಕೆಗಳು, ಸಕ್ಸಿನೈಲ್‌ಕೋಲೀನ್ ಅನ್ನುವ ಇಂಜೆಕ್ಷನ್, ಇವು ಬಂದಾಗ ಆ ಹಿಡಿತ ತಪ್ಪುತ್ತದೆ.

ಬಯಾಪ್ಸಿಯ ದಿನ ನನಗೆ ಪೂರ್ತಿ ಅರಿವಳಿಕೆ ಕೊಡಲಿಲ್ಲ. ತೊಡೆಸಂದಿನಲ್ಲಿ ನರಕ್ಕೆ ಇಂಜೆಕ್ಷನ್ ಕೊಟ್ಟು ಕಾಲು ಮರಗಟ್ಟಿಸಿದರು. ಕತ್ತರಿಸುವ ಸ್ನಾಯುವಿಗೇ ನೇರವಾಗಿ ಯಾಕೆ ಚುಚ್ಚುವುದಿಲ್ಲ ಅಂತ ಕೇಳಿದೆ. "ಚುಚ್ಚಿದರೆ ಆ ಔಷಧಿಗೆ ನಿಮ್ಮ ಸ್ನಾಯುವಿನ ಸ್ವಭಾವವೇ ಬದಲಾಗುತ್ತೆ. ಆಮೇಲೆ ನಾವು ಪರೀಕ್ಷೆ ಮಾಡೋದು ಔಷಧಿಯನ್ನ, ನಿಮ್ಮನ್ನಲ್ಲ," ಅಂದರು ಸರ್ಜನ್. ಪರದೆಯ ಆಚೆ ಅವರ ಕೈ ಕಾಣುತ್ತಿರಲಿಲ್ಲ. ನೋವಿರಲಿಲ್ಲ, ಜಗ್ಗಿದ ಹಾಗೆ ಆಗುತ್ತಿತ್ತು. ಒಂದು ತುಂಡು ತೆಗೆದಾಗ ಮಾತ್ರ ಒಳಗೆ ಆಳದಲ್ಲಿ ಏನೋ ಸೆಟೆದಂತೆ ಆಯಿತು. ಲ್ಯಾಬಿನ ಮೇಡಂ ಥಿಯೇಟರ್‌ಗೇ ಬಂದು ನಿಂತಿದ್ದರು. ಆಮ್ಲಜನಕ ಹಾಯಿಸಿದ ದ್ರವವಿದ್ದ ಡಬ್ಬಿಗೆ ತುಂಡುಗಳನ್ನು ಹಾಕಿಕೊಂಡು ಬೇಗಬೇಗ ಹೊರಟರು. ತೆಗೆದ ಐದು ಗಂಟೆಯೊಳಗೆ ಎಲ್ಲ ಮುಗಿಯಬೇಕು.

ಹೊಲಿಗೆ ಹಾಕಿ ಕಾಲಿಗೆ ಪಟ್ಟಿ ಸುತ್ತಿದ ಮೇಲೆ, ನೋಡಬಹುದಾ ಅಂತ ಕೇಳಿದೆ. ಹೀಗೆ ಕೇಳುವವರು ಕಡಿಮೆ ಅಂತೆ. ವೀಲ್‌ಚೇರ್‌ನಲ್ಲಿ ಕೂರಿಸಿ ಲ್ಯಾಬ್‌ಗೆ ಕರೆದುಕೊಂಡು ಹೋದರು.

ಎರಡು ಪದರದ ಗಾಜಿನ ಕೊಳವೆ. ಹೊರಪದರದಲ್ಲಿ 37 ಡಿಗ್ರಿ ನೀರು ಸುತ್ತುತ್ತಿತ್ತು. ಒಳಗಿನ ದ್ರವದಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ನಡುವೆ ತೂಗುತ್ತಿತ್ತು ನನ್ನ ಸ್ನಾಯು. ಎರಡು ಸೆಂಟಿಮೀಟರ್ ಉದ್ದ, ಎರಡು ಮೂರು ಮಿಲಿಮೀಟರ್ ದಪ್ಪ. ಕೆಂಪು ಇರಬಹುದು ಅಂದುಕೊಂಡಿದ್ದೆ, ಮಾಸಲು ಗುಲಾಬಿ ಇತ್ತು. ಎರಡೂ ತುದಿಗೆ ರೇಷ್ಮೆ ದಾರ ಕಟ್ಟಿದ್ದರು. ಕೆಳಗಿನ ದಾರ ಬಿಗಿಯಾಗಿ ನಿಂತಿತ್ತು, ಮೇಲಿನದು ಎಳೆತ ಅಳೆಯುವ ಕೊಂಡಿಗೆ ಸಿಕ್ಕಿತ್ತು. ಅಕ್ಕಪಕ್ಕ ಎರಡು ಲೋಹದ ತಂತಿ. ಐದು ಸೆಕೆಂಡಿಗೊಮ್ಮೆ ವಿದ್ಯುತ್ ತಾಗುತ್ತಿತ್ತು. ತಾಗಿದಾಗಲೆಲ್ಲ ಸ್ನಾಯು ಥಟ್ಟನೆ ಮಿಡಿಯುತ್ತಿತ್ತು, ದಾರ ನಡುಗುತ್ತಿತ್ತು, ಪರದೆಯ ಮೇಲೆ ಒಂದು ಮುಳ್ಳು ಏಳುತ್ತಿತ್ತು. ನನ್ನಿಂದ ಬೇರೆಯಾಗಿ ಒಂದು ಗಂಟೆಯ ಮೇಲಾಗಿತ್ತು. ಇನ್ನೂ ಹೇಳಿದ ಕೆಲಸ ಮಾಡುತ್ತಿತ್ತು. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ.

ಮೇಡಂ ಪರದೆಯ ಮೇಲೆ ಬೆರಳಿಟ್ಟರು. "ಮೇಲೆ ಏಳೋ ಮುಳ್ಳು ನೋಡಬೇಡಿ. ಕೆಳಗಿನ ಗೆರೆ ನೋಡಿ. ಎರಡು ಮುಳ್ಳಿನ ಮಧ್ಯೆ ಸ್ನಾಯು ಪೂರ್ತಿ ಸಡಿಲ ಆಗ್ತಿದೆಯಾ ಅನ್ನೋದು ಅಲ್ಲಿ ಗೊತ್ತಾಗುತ್ತೆ."

ಅವರು ಹೇಳಿದ ಇನ್ನೊಂದು ಮಾತಿನಿಂದ ಇಡೀ ಪರೀಕ್ಷೆ ನನಗೆ ಅರ್ಥವಾಯಿತು. ವಿದ್ಯುತ್ ಕೊಟ್ಟಾಗ ಬಾಗಿಲು ತೆರೆಯುವುದು ಸರಿಯಾದ ದಾರಿಯಲ್ಲಿ, ಅಗುಳಿಯ ಮೂಲಕ. ಕೆಫೀನ್ ಅಗುಳಿಯ ಹತ್ತಿರ ಹೋಗುವುದೇ ಇಲ್ಲ. ಅದು ನೇರವಾಗಿ ಬಾಗಿಲಿಗೇ ಅಂಟಿ, ಇರುವ ಸ್ವಲ್ಪ ಕ್ಯಾಲ್ಸಿಯಮ್ಮಿಗೂ ತೆರೆದುಕೊಳ್ಳುವ ಹಾಗೆ ಮಾಡುತ್ತದೆ. ಕೆಫೀನ್ ಹೆಚ್ಚಿಸುತ್ತಾ ಹೋದರೆ ಎಂಥ ಸ್ನಾಯುವಾದರೂ ಒಂದು ಹಂತದಲ್ಲಿ ಬಿಗಿಯುತ್ತದೆ. ಆ ಹಂತ ಯಾವುದು ಅನ್ನುವುದಷ್ಟೇ ಪ್ರಶ್ನೆ. ಕೆಫೀನ್ ಸಾಂದ್ರತೆ 2 ಮಿಲಿಮೋಲಾರ್ ಅಥವಾ ಅದಕ್ಕಿಂತ ಕಡಿಮೆ ಇರುವಾಗಲೇ ಗೆರೆ 0.2 ಗ್ರಾಂ ಎಳೆತದಷ್ಟು ಏರಿ ನಿಂತರೆ ಬಾಗಿಲು ದುರ್ಬಲ ಅಂತ ಅರ್ಥ. ಹಾಗಾದರೆ ಕಾಫಿ ಕುಡಿಯಬಾರದಾ ಅಂತ ಕೇಳಿದೆ. ಕಾಫಿ ಕುಡಿದವರ ರಕ್ತದಲ್ಲಿ ಇರುವ ಕೆಫೀನ್ ಇದರ ಹತ್ತಾರು ಪಟ್ಟು ಕಡಿಮೆ, ಹೆದರಬೇಡಿ ಅಂದರು.

0.5 ಹಾಕಿದರು. ಏನೂ ಇಲ್ಲ. ಒಂದೊಂದು ಹಂತದಲ್ಲೂ ಮೂರು ನಿಮಿಷ ಕಾಯಬೇಕು. 1 ಹಾಕಿದಾಗ ಮುಳ್ಳುಗಳು ಸ್ವಲ್ಪ ಎತ್ತರವಾದವು, ಗೆರೆ ಇದ್ದಲ್ಲೇ ಇತ್ತು. 1.5ಕ್ಕೆ ಗೆರೆ ಸ್ವಲ್ಪ ಎದ್ದಿತೋ ಇಲ್ಲವೋ ಅನ್ನುವ ಹಾಗೆ ಕಂಡಿತು. ಮೇಡಂ ಮಾತು ನಿಲ್ಲಿಸಿದರು. 2 ಹಾಕಿದರು.

ಗೆರೆ ಏರತೊಡಗಿತು. ಮುಳ್ಳಿನ ಹಾಗೆ ಥಟ್ಟನೆ ಅಲ್ಲ, ನೀರು ತುಂಬುವ ಹಾಗೆ ನಿಧಾನವಾಗಿ. ನಾನು ಪರದೆ ಬಿಟ್ಟು ಗಾಜಿನ ಕಡೆ ನೋಡಿದೆ. ಮಿಡಿತ ಇನ್ನೂ ಇತ್ತು. ಆದರೆ ಮಿಡಿದ ಮೇಲೆ ಸ್ನಾಯು ಮೊದಲಿನಷ್ಟು ಕೆಳಗೆ ಇಳಿಯುತ್ತಿರಲಿಲ್ಲ. ದಾರ ಬಿಗಿಯಾಗಿಯೇ ನಿಂತಿತ್ತು. ಯಾರೂ ಏನೂ ಹೇಳಿರದಿದ್ದರೂ ಅದು ಬಿಗಿದುಕೊಳ್ಳುತ್ತಿತ್ತು. ಅಣ್ಣನ ದವಡೆ ನೆನಪಾಯಿತು. ಗೆರೆ 0.6 ಗ್ರಾಂ ಹತ್ತಿರ ಬಂದು ನಿಂತಿತು. ಮೇಡಂ ನನ್ನ ಹೆಗಲ ಮೇಲೆ ಕೈ ಇಟ್ಟರು.

ಪಕ್ಕದ ಕೊಳವೆಯಲ್ಲಿದ್ದ ಇನ್ನೊಂದು ತುಂಡಿಗೆ ಹ್ಯಾಲೋಥೇನ್ ಕೊಟ್ಟಿದ್ದರು. 1 ಶೇಕಡಾಕ್ಕೇ ಅದೂ ಏರಿತ್ತು. ಎರಡೂ ಏರಿದ್ದರಿಂದ ಅನುಮಾನಕ್ಕೆ ಜಾಗವಿರಲಿಲ್ಲ. ಕೊನೆಗೆ ಮೊದಲ ತುಂಡಿಗೆ 32 ಮಿಲಿಮೋಲಾರ್ ಕೆಫೀನ್ ಸುರಿದರು, ಸ್ನಾಯುವಿನಲ್ಲಿ ಒಟ್ಟು ಎಷ್ಟು ಬಲವಿತ್ತು ಅಂತ ನೋಡಲು. ತುಂಡು ಇದ್ದಷ್ಟು ಬಲದಿಂದ ಎಳೆಯಿತು. ಅಲ್ಲಿಗೆ ಅದರ ಕೆಲಸ ಮುಗಿಯಿತು.

ಕಾಲುನೋವು ಎರಡು ವಾರ ಇತ್ತು. ಮೆಟ್ಟಿಲು ಇಳಿಯುವಾಗ ಜಾಸ್ತಿ. ಹಾಸಿಗೆಯಲ್ಲಿ ಇದ್ದಾಗ 1960ರ ಒಂದು ಪತ್ರದ ಬಗ್ಗೆ ಓದಿದೆ. ಮೆಲ್ಬರ್ನ್‌ನ ಡೆನ್‌ಬರೋ ಮತ್ತು ಲೊವೆಲ್ ಅನ್ನುವ ವೈದ್ಯರು ಲ್ಯಾನ್ಸೆಟ್ ಪತ್ರಿಕೆಗೆ ಬರೆದದ್ದು. ಕಾಲು ಮುರಿದುಕೊಂಡು ಬಂದ 21 ವರ್ಷದ ಹುಡುಗನೊಬ್ಬ ಕಾಲಿಗಿಂತ ಅರಿವಳಿಕೆಗೆ ಹೆದರಿದ್ದ. ಅವನ ಮನೆತನದ ಹತ್ತು ಜನ ಈಥರ್ ಕೊಟ್ಟ ಮೇಲೆ ತೀರಿಕೊಂಡಿದ್ದರು. ಈ ಕಾಯಿಲೆ ವೈದ್ಯಲೋಕದ ಕಣ್ಣಿಗೆ ಬಿದ್ದಿದ್ದು ಅವನ ಮಾತಿನಿಂದ. ಆಗ ಡ್ಯಾಂಟ್ರೋಲೀನ್ ಇರಲಿಲ್ಲ. ಅದು ಹಂದಿಗಳನ್ನು ಉಳಿಸುತ್ತದೆ ಅಂತ ಗೊತ್ತಾದದ್ದು 1975ರಲ್ಲಿ. ಕೆಲವು ತಳಿಯ ಹಂದಿಗಳಿಗೂ ಇದೇ ಬಾಗಿಲಲ್ಲಿ ಇದೇ ದೋಷ. ಮೊದಲು ಈ ಕಾಯಿಲೆ ಬಂದ ಹತ್ತು ಜನರಲ್ಲಿ ಏಳೆಂಟು ಜನ ಸಾಯುತ್ತಿದ್ದರು. ಅಣ್ಣ ಐವತ್ತು ವರ್ಷ ಮುಂಚೆ ಹುಟ್ಟಿದ್ದರೆ ಅಂತ ಯೋಚಿಸುತ್ತಾ ಎಷ್ಟೋ ಹೊತ್ತು ಮಲಗಿದ್ದೆ.

ನನಗೂ ಈ ಕಾಯಿಲೆ ಇದೆ ಅಂತ ಬರೆದ ಒಂದು ಕಾರ್ಡು ಕೊಟ್ಟರು. ಅದು ಈಗ ಯಾವಾಗಲೂ ನನ್ನ ಪರ್ಸಿನಲ್ಲಿರುತ್ತದೆ. ಒಂದು ವರ್ಷದ ಮೇಲೆ ಅದು ಕೆಲಸಕ್ಕೆ ಬಂತು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಲೇಬೇಕು. ಅರಿವಳಿಕೆ ಡಾಕ್ಟರ್ ಹಿಂದಿನ ದಿನವೇ ಬಂದು ಏನೇನು ಮಾಡುತ್ತೇವೆ ಅಂತ ಕೂತು ಹೇಳಿದರು. ಯಂತ್ರದಿಂದ ಗ್ಯಾಸಿನ ಡಬ್ಬಿಗಳನ್ನು ತೆಗೆದುಹಾಕುತ್ತಾರೆ. ಕೊಳವೆ ಬದಲಿಸಿ, ಹಳೆಯ ಗ್ಯಾಸಿನ ಅಂಶ ಉಳಿಯದ ಹಾಗೆ ಸಾಕಷ್ಟು ಹೊತ್ತು ಆಮ್ಲಜನಕ ಹಾಯಿಸುತ್ತಾರೆ. ನಿದ್ದೆಗೆ ಪ್ರೊಪೊಫಾಲ್, ಅದು ರಕ್ತನಾಳದ ಮೂಲಕ. ನನ್ನ ಬಾಗಿಲಿಗೆ ಅದರಿಂದ ತೊಂದರೆ ಇಲ್ಲ. ಡ್ಯಾಂಟ್ರೋಲೀನ್ 36 ಸೀಸೆ ಕೋಣೆಯಲ್ಲೇ ಇರುತ್ತದೆ.

ಎಚ್ಚರವಾದಾಗ ಗಂಟಲು ಒಣಗಿತ್ತು. ಡಾಕ್ಟರ್ ತಲೆಯ ಹತ್ತಿರವೇ ನಿಂತಿದ್ದರು. ಕಾರ್ಬನ್ ಡೈಆಕ್ಸೈಡ್ ಎಷ್ಟಿತ್ತು ಅಂತ ಕೇಳಿದೆ, ಮಾತು ಸರಿಯಾಗಿ ಹೊರಡಲಿಲ್ಲ. ಅವರಿಗೆ ಅರ್ಥವಾಯಿತು. ಆಪರೇಷನ್ ಉದ್ದಕ್ಕೂ ಬರೆದಿಟ್ಟಿದ್ದ ಹಾಳೆಯನ್ನು ನನ್ನ ಕಣ್ಣ ಮುಂದೆ ಹಿಡಿದರು. ಮೊದಲಿಂದ ಕೊನೆಯವರೆಗೆ ಒಂದೇ ಮಟ್ಟದ ಗೆರೆ, 38.